ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು

ಹುಟ್ಟಿನಿಂದಲೇ ನನ್ನ ಹೃದಯದಲ್ಲೊಂದು ತೂತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಎರಡನೇ ಕ್ಲಾಸಿನಲ್ಲಿದ್ದಾಗ, ಮದ್ರಾಸಿನ ಕಡೆಯ ದೊಡ್ಡಾಸ್ಪತ್ರೆಯಲ್ಲಿ ಎದೆ ಕೊಯ್ದು ಅದನ್ನು ಹೊಲಿದರು. ಮನೆಗೆ ಕಳಿಸುವಾಗ ಡಾಕ್ಟರು ಅಪ್ಪನಿಗೆ ಒತ್ತಿ ಹೇಳಿದ್ದರು: "ನೆಗಡಿ, ಕೆಮ್ಮು ಇರುವವರನ್ನು ಹತ್ತಿರ ಬಿಡಬೇಡಿ. ಅವರಿಗೆ ಅದು ಬರೀ ನೆಗಡಿ. ಇವಳ ಶ್ವಾಸಕೋಶಕ್ಕೆ ಇಳಿದರೆ ಉಳಿಸುವುದು ಕಷ್ಟ."

ಡಾಕ್ಟರಿಗೇನು ಗೊತ್ತು ನಮ್ಮೂರು! ಬಬ್ಬೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಮಾತು ಬಿಟ್ಟಂತೆ. ಎದೆ ಕೊಯ್ಸಿಕೊಂಡು ಬದುಕಿ ಬಂದ ಹುಡುಗಿಯೆಂದರೆ ಹಿರಿಯೂರಿನ ಟೆಂಟ್ ಸಿನಿಮಾಕ್ಕೂ ಮಿಗಿಲು. ಮೊದಲ ದಿನವೇ ಬ್ರೆಡ್ಡು, ಮೂಸಂಬಿ ಹಿಡಿದು ಜನ ಬಂದರು. ಚಳಿಗಾಲ ಬೇರೆ, ಅರ್ಧ ಜನರ ಮೂಗು ಸೋರುತ್ತಿತ್ತು. "ಎಲ್ಲಿ ಕೊಯ್ದವ್ರೆ, ತೋರ್ಸವ್ವ" ಎಂದು ನನ್ನ ಮುಖದ ಮೇಲೇ ಬಗ್ಗುತ್ತಿದ್ದರು. ಬರಬೇಡಿ ಅನ್ನಲಾರದೆ ಅಪ್ಪ ಕೈಕೈ ಹಿಸುಕಿಕೊಂಡರು.

ಅಪ್ಪನ ತಾಯಿ, ನಮ್ಮಜ್ಜಿ, ಮರುದಿನ ಬೆಳಗ್ಗೆದ್ದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಮೈಮೇಲೆ ಗುಳ್ಳೆಯೆದ್ದು 'ಅಮ್ಮ' ಬಂದ ಮನೆಗೆ ಕಟ್ಟುವ ಸೊಪ್ಪದು. ಕಂಡರೆ ಯಾರೂ ಹೊಸ್ತಿಲು ದಾಟುವುದಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ.

"ಸುಳ್ಳು ಸೊಪ್ಪು ಕಟ್ಟಿದ್ರೆ ತಾಯಿ ಮುನಿಸ್ಕಳಲ್ವೇನವ್ವ?" ಅಪ್ಪನಿಗೆ ದಿಗಿಲು.

"ಆಕೇನೂ ತಾಯೇ ಅಲ್ವೇನಲೇ? ಮಗೀಗೋಸ್ಕರ ಅಂದ್ರೆ ತಿಳ್ಕಂತಾಳೆ, ಸುಮ್ನಿರು."

ಜನ ಬರುವುದು ನಿಂತಿತು. ಆದರೆ ನಾಟಕ ಶುರುವಾದ ಮೇಲೆ ವೇಷ ಪೂರ್ತಿ ಇರಬೇಕಲ್ಲ! ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಒಂದು ಸಾಸಿವೆ ಸಿಡಿದರೂ ಬೀದಿಗೆಲ್ಲ ಗುಟ್ಟು ರಟ್ಟು. ನನ್ನವ್ವ ದಿನವೂ ಸಪ್ಪೆ ಸಾರು ಬಡಿಸಿದಳು. ಅಪ್ಪ ಮುದ್ದೆ ಮುರಿಯುತ್ತಾ, ಆಪರೇಷನ್ ತಮಗೇ ಆದವರಂತೆ ಮುಖ ಮಾಡುತ್ತಿದ್ದರು. ನನಗೋ ಒಳಗೊಳಗೇ ನಗು. ನಕ್ಕರೆ ಹೊಲಿಗೆ ನೋಯುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಒಲೆಯ ಮುಂದೆ ಕೂತಿದ್ದ ಅಜ್ಜಿ ಜೋರಾಗಿ ಸೀನಿದಳು. ಮತ್ತೆ ಸೀನಿದಳು. ಒಗ್ಗರಣೆ ಘಾಟು ಅನ್ನೋಣವೆಂದರೆ ಮನೆಯಲ್ಲಿ ಒಗ್ಗರಣೆಯೇ ಇಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಂಬಳಿ ಎತ್ತಿಕೊಂಡು ಹೊರಗಿನ ಜಗಲಿಗೆ ಹೋದಳು.

ಅಜ್ಜಿಯ ಪಕ್ಕದಲ್ಲಲ್ಲದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. "ಒಳಗೆ ಬಾರಜ್ಜಿ" ಎಂದು ಅತ್ತೆ.

"ಸೊಪ್ಪು ಕಟ್ಟೈತಲ್ಲವ್ವ, ನಾನೂ ದಾಟಂಗಿಲ್ಲ" ಅಂದಳು ಕಿಟಕಿಯಾಚೆಯಿಂದ. ಆ ಚಳಿಯಲ್ಲಿ ಜಗಲಿಯ ಮೇಲೇ ಉಂಡಳು, ಅಲ್ಲೇ ಮಲಗಿದಳು. ಅಲ್ಲಿಂದಲೇ ಕಥೆ ಹೇಳಿದಳು. ಕೆಮ್ಮು ಬಂದಾಗ ಬೀದಿಯ ಕಡೆ ತಿರುಗಿ ಕೆಮ್ಮಿ, ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು.

ನೆಗಡಿ ಪೂರ್ತಿ ಬಿಟ್ಟ ಮೇಲೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಅಷ್ಟರಲ್ಲಿ ನನ್ನ ಹೊಲಿಗೆಯೂ ಮಾಗಿತ್ತು. ಅಜ್ಜಿಯೇ ಸೊಪ್ಪು ಬಿಚ್ಚಿದಳು, ಅವ್ವ ಸಾರಿಗೆ ಒಗ್ಗರಣೆ ಕೊಟ್ಟಳು. ಮೆಣಸಿನಕಾಯಿ ಘಾಟು ಮನೆ ತುಂಬಿತು. ನಾನು ಸೀನಿದೆ.

ಎಲ್ಲರೂ ನಿಂತಲ್ಲೇ ನಿಂತರು. ಅಜ್ಜಿ ಓಡಿಬಂದು ನನ್ನ ಎದೆಗೆ ಕಿವಿಯಿಟ್ಟಳು. ಬಹಳ ಹೊತ್ತು ತೆಗೆಯಲೇ ಇಲ್ಲ.

"ಬರೀ ಘಾಟು ಕಣ್ರಲೇ" ಅಂದಳು ಕೊನೆಗೆ. ಅವಳ ಕಣ್ಣೊತ್ತಿದ್ದ ಕಡೆ ನನ್ನ ಅಂಗಿ ಒದ್ದೆಯಾಗಿತ್ತು.