ಚಿಕ್ಕಮ್ಮನ ಪಾಠವಿಲ್ಲದ ಪತ್ರ

ನನ್ನ ಚಿಕ್ಕಮ್ಮ ಹೊರದೇಶಕ್ಕೆ ಕೆಲಸಕ್ಕೆಂದು ಹೋದಾಗ ಅವಳಿಗೆ ನಲವತ್ತಾರು ತುಂಬಿತ್ತು. ಮದುವೆಯಾಗಿರಲಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಹದಿನೆಂಟು ವರ್ಷ ಹೊಲಿಗೆ ಕಲಿಸಿದ್ದಳು. ಭಾನುವಾರ ಚರ್ಚಿನಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಸಂಡೇ ಸ್ಕೂಲ್ ನಡೆಸುತ್ತಿದ್ದಳು. ಹಾಸ್ಟೆಲು ಮುಚ್ಚಿತು. ಪಾದ್ರಿಗಳ ಪರಿಚಯದವರೊಬ್ಬರು, ದೊಡ್ಡ ಆಸ್ಪತ್ರೆಯಲ್ಲಿ ಹೊಲಿಗೆಯವರು ಬೇಕಾಗಿದ್ದಾರಂತೆ ಎಂದರು. ಹೋಗಿ ನೋಡಿದರೆ ಅದು ಹೊಲಿಗೆಯಲ್ಲ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ.

"ಸೂಜಿ ಕಣ್ಣಿಗೇ ಬೀಳಲಿಲ್ವಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು.

"ಬೀಳದೇ ಏನು? ಇಂಜೆಕ್ಷನ್ ಸೂಜಿ ಬೇಕಾದಷ್ಟು ಬೀಳುತ್ತೆ," ಎಂದಳು ಚಿಕ್ಕಮ್ಮ.

ಒಗೆಯುವ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಒಂದು ಕಡೆ ಕೊಳೆ ಬಟ್ಟೆಯ ಮೂಟೆಗಳು ಬಂದು ಬೀಳುವ ಕೋಣೆ. ಅಲ್ಲಿ ಚಾದರ, ಗೌನು, ಟವೆಲು ಎಂದು ಬೇರೆ ಬೇರೆ ಮಾಡಬೇಕು. ಮಧ್ಯದಲ್ಲಿ ಆಳೆತ್ತರದ ಒಗೆಯುವ ಯಂತ್ರಗಳು. ಆಚೆ ಕಡೆ ಒಣಗಿದ ಬಟ್ಟೆ ಉರುಳೆಗಳ ನಡುವೆ ಇಸ್ತ್ರಿಯಾಗಿ ಬರುವ ಜಾಗ, ಮಡಿಸುವ ಮೇಜುಗಳು. ಚಿಕ್ಕಮ್ಮನಿಗೆ ಸಿಕ್ಕಿದ್ದು ಮಡಿಸುವ ಕೆಲಸ. ಬೆಳಿಗ್ಗೆ ಆರಕ್ಕೆ ನಿಂತರೆ ಸಂಜೆ ನಾಲ್ಕರವರೆಗೆ ನಿಂತೇ ಇರಬೇಕು. ವಾರದ ರಜೆ ಮಂಗಳವಾರ. ಚರ್ಚು ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರ, ಭಾನುವಾರ ಕೆಲಸ. ಹಾಗಾಗಿ ಅವಳಿಗೆ ಆರಾಧನೆ ಎಂದರೆ ಮಂಗಳವಾರ ಮಧ್ಯಾಹ್ನ ಮಂಚದ ಮೇಲೆ ಕುಳಿತು ನಮಗೆ ಬರೆಯುತ್ತಿದ್ದ ಪತ್ರವೊಂದೇ.

ಪೆನ್ಸಿಲಿನಲ್ಲಿ ಬರೆದು ಫೋಟೋ ತೆಗೆದು ಫೋನಿಗೆ ಕಳಿಸುತ್ತಿದ್ದಳು. ಅಮ್ಮನ ಕಣ್ಣು ಅಷ್ಟಕ್ಕಷ್ಟೆ. ನಾನು ಅದನ್ನು ದಪ್ಪ ಅಕ್ಷರದಲ್ಲಿ ನಕಲು ಮಾಡಿ ಕೊಡಬೇಕು. ಗುರುವಾರ ಚರ್ಚಿನ ಸ್ತ್ರೀಯರ ಕೂಟದಲ್ಲಿ ಅಮ್ಮ ಅದನ್ನು ಓದುತ್ತಿದ್ದಳು.

ಆ ಪತ್ರಗಳಲ್ಲಿ ಪ್ರತಿ ವಾರ ಒಂದು ಪಾಠ ಇರುತ್ತಿತ್ತು. ಆಸ್ಪತ್ರೆಯ ಗಾಜಿನ ಬಾಗಿಲು ತಾನಾಗಿ ತೆರೆಯುತ್ತದೆ, ಆದರೆ ನಾವು ಅದರ ಮುಂದೆ ಹೋಗಿ ನಿಲ್ಲಬೇಕು, ಕೃಪೆಯೂ ಹಾಗೆಯೇ ಎಂದು ಒಮ್ಮೆ. ಕಲೆ ಹೋಗದ ಚಾದರವನ್ನು ಬಿಸಾಡುವುದಿಲ್ಲ, ಕತ್ತರಿಸಿ ಒರೆಸುವ ಬಟ್ಟೆ ಮಾಡುತ್ತಾರೆ, ಕರ್ತನೂ ಯಾರನ್ನೂ ಬಿಸಾಡುವುದಿಲ್ಲ ಎಂದು ಇನ್ನೊಮ್ಮೆ. ಕೂಟದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪಾದ್ರಿಯಮ್ಮ ಎರಡು ಪತ್ರಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದರು. ಅಮ್ಮನಿಗೆ ತಂಗಿಯ ವಿಷಯದಲ್ಲಿ ಹೆಮ್ಮೆ ಎಷ್ಟೆಂದರೆ, ಬುಧವಾರದ ಹೊತ್ತಿಗೆ ಪತ್ರ ಬರದಿದ್ದರೆ ಫೋನು ಹಿಡಿದು ಕೂರುತ್ತಿದ್ದಳು.

"ಈ ವಾರದ್ದು ಎಲ್ಲಿ? ನಾಳೆ ಎಲ್ಲರೂ ಕೇಳ್ತಾರೆ ಕಣೇ."

"ಏನೂ ತೋಚಲಿಲ್ಲ ಅಕ್ಕ. ಕಾಲು ಊದಿಕೊಂಡಿದೆ."

"ಕಾಲಿನ ಮೇಲೇ ಏನಾದ್ರೂ ಬರಿ."

ಅವಳು ಕಾಲಿನ ಮೇಲೂ ಬರೆದಳು, ಶಿಷ್ಯರ ಕಾಲು ತೊಳೆದ ಯೇಸುಸ್ವಾಮಿಯನ್ನು ನೆನೆದು. ಅದು ತುಂಬ ಚೆನ್ನಾಗಿತ್ತು. ಬರೆದ ಮೇಲೂ ಊತ ಇಳಿಯಲಿಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಎರಡನೆಯ ವರ್ಷದಲ್ಲಿ ಬಂದ ಒಂದು ಪತ್ರ ಎಲ್ಲಕ್ಕಿಂತ ಹೆಸರಾಯಿತು. ದೊಡ್ಡ ಚಾದರವನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಎದುರುಬದುರು ನಿಂತು ಇಬ್ಬರೂ ಎರಡೆರಡು ಮೂಲೆ ಹಿಡಿದು ಎಳೆದು ಹತ್ತಿರ ಬರಬೇಕು, ಮೂಲೆಗೆ ಮೂಲೆ ಕೊಟ್ಟು ಮತ್ತೆ ಹಿಂದೆ ಸರಿಯಬೇಕು. ಚಿಕ್ಕಮ್ಮನ ಜೋಡಿಯಾಗಿದ್ದವಳು ಇನ್ಯಾವುದೋ ದೇಶದಿಂದ ಬಂದ ಎತ್ತರದ ಹೆಂಗಸು. ಚಿಕ್ಕಮ್ಮ ಅವಳನ್ನು ಉದ್ದಕ್ಕ ಎನ್ನುತ್ತಿದ್ದಳು. ಅಲ್ಲಿನ ಭಾಷೆ ಇಬ್ಬರಿಗೂ ಅರೆಬರೆ. "ನಾವಿಬ್ಬರೂ ಮಾತಿಲ್ಲದೆ ದಿನಕ್ಕೆ ಆರುನೂರು ಸಲ ಹತ್ತಿರ ಬರುತ್ತೇವೆ. ಸಹೋದರಿಯರು ಕರ್ತನಲ್ಲಿ ಕೂಡುವುದೆಂದರೆ ಇದೇ" ಎಂದು ಬರೆದಿದ್ದಳು. ಆ ಗುರುವಾರ ಕೂಟದವರು ಎದ್ದು ನಿಂತು ಅವಳಿಗಾಗಿ ಸ್ತೋತ್ರ ಹಾಡಿದರು. ಅಮ್ಮ ಅದನ್ನು ರೆಕಾರ್ಡ್ ಮಾಡಿ ಕಳಿಸಿದಳು.

ಆ ಪತ್ರ ಬರೆದ ದಿನ ಉದ್ದಕ್ಕ ಮಡಿಸುವ ಕಡೆ ಇರಲೇ ಇಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ನಡೆದದ್ದು ಇಷ್ಟು. ಅಲ್ಲಿಯ ಮೇಲ್ವಿಚಾರಕನಿಗೆ ಕೈಗಡಿಯಾರ ನೋಡುವ ಚಟ. ಹೆಂಗಸರು ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಪತ್ರ ಬರೆಯುವ ಹಿಂದಿನ ವಾರ ಅವನು ಚಿಕ್ಕಮ್ಮನ ಮುಂದೆ ಬಂದು ನಿಂತ.

"ಬೇರೆ ಜೋಡಿಗಳೆಲ್ಲ ಮುಂದಿವೆ. ನಿಮ್ಮದೇ ಯಾಕೆ ಹಿಂದೆ?"

"ನನ್ನಿಂದ ಅಲ್ಲ ಸಾರ್, ಅವಳಿಂದ. ಕೈ ಮೇಲೆ ಎತ್ತೋದೇ ಇಲ್ಲ. ಸೋಮಾರಿ."

ಮರುದಿನ ಬೆಳಿಗ್ಗೆ ಉದ್ದಕ್ಕನ ಏಪ್ರನ್ ಈ ಕಡೆಯ ಗೂಟದಲ್ಲಿ ಇರಲಿಲ್ಲ. ಅವಳನ್ನು ಕೊಳೆ ಬಟ್ಟೆಯ ಕೋಣೆಗೆ ಹಾಕಿದ್ದರು. ರಕ್ತ, ವಾಂತಿ, ಹೇಸಿಗೆ ಎಲ್ಲ ಬರುವ ಜಾಗ ಅದು. ಅಲ್ಲಿಗೆ ಯಾರೂ ತಾವಾಗಿ ಹೋಗುವುದಿಲ್ಲ. ಚಿಕ್ಕಮ್ಮನಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಹೊಸ ಜೋಡಿ ಚುರುಕಾಗಿದ್ದಳು, ಕೆಲಸ ಸರಾಗವಾಯಿತು, ಅವಳು ಸುಮ್ಮನಾದಳು. ಮಂಗಳವಾರ ಕಳೆಯಿತು, ಬುಧವಾರ ಅಕ್ಕನ ಫೋನು ಬಂತು, ತಲೆ ಖಾಲಿ. ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬರೆದುಬಿಟ್ಟಳು.

ಹಾಡಿನ ರೆಕಾರ್ಡಿಂಗ್ ತಲುಪಿದ್ದು ಶುಕ್ರವಾರ. ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನ ಮೇಲೆ ಕುಳಿತು ಫೋನನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದಾಗ ಉದ್ದಕ್ಕ ಒಳಗೆ ಬಂದಳು. ಏಪ್ರನ್ನಿನ ಪಟ್ಟಿಯನ್ನು ತಲೆಯ ಮೇಲಿಂದ ಹಾಕಿಕೊಳ್ಳಲು ನೋಡಿದಳು. ಎಡಗೈ ಭುಜದವರೆಗೂ ಏಳಲಿಲ್ಲ. ಹಲ್ಲು ಕಚ್ಚಿ ಮತ್ತೆ ಎತ್ತಿದಳು. ಅಂಗಿಯ ಕತ್ತಿನಲ್ಲಿ ನೋವಿಗೆ ಅಂಟಿಸಿಕೊಳ್ಳುವ ಪ್ಲಾಸ್ಟರಿನ ಅಂಚು ಕಾಣುತ್ತಿತ್ತು. ಭುಜ ಹೋಗಿದೆ ಎಂದು ಗೊತ್ತಾದರೆ ಊರಿಗೆ ವಾಪಸ್ ಕಳಿಸುತ್ತಾರೆ. ಅದಕ್ಕೇ ಇಷ್ಟು ದಿನ ಬಾಯಿ ಬಿಡದೆ ಮಡಿಸಿದ್ದಳು.

ಚಿಕ್ಕಮ್ಮ ಎದ್ದು ಹೋಗಿ ಏಪ್ರನ್ನಿನ ಪಟ್ಟಿಗೆ ಕೈ ಹಾಕಿದಳು.

"ಬೇಡ," ಎಂದಳು ಉದ್ದಕ್ಕ. ಆ ಭಾಷೆಯಲ್ಲಿ ಇಬ್ಬರಿಗೂ ಚೆನ್ನಾಗಿ ಬರುತ್ತಿದ್ದ ಕೆಲವೇ ಮಾತುಗಳಲ್ಲಿ ಅದೂ ಒಂದು.

ಫೋನಿನಲ್ಲಿ ನಮ್ಮ ಕೂಟದವರು ಮೂರನೆಯ ಚರಣ ಹಾಡುತ್ತಿದ್ದರಂತೆ. ಚಿಕ್ಕಮ್ಮ ಅದನ್ನು ಆರಿಸಿದಳು.

ಮಾರನೆಯ ದಿನ ಗಡಿಯಾರನ ಹತ್ತಿರ ಹೋದಳು.

"ಸಾರ್, ಅವಳನ್ನ ಸಣ್ಣ ಬಟ್ಟೆಯ ಮೇಜಿಗೆ ಹಾಕಿ. ಟವೆಲು ಜೋಡಿಸೋದು, ಎಣಿಸೋದು ಅವಳಿಗೆ ಚೆನ್ನಾಗಿ ಬರುತ್ತೆ."

"ಸೋಮಾರಿ ಅಂತ ನೀನೇ ಹೇಳಿದ್ದು."

"ನಾನು ಹೇಳಿದ್ದು ತಪ್ಪು."

ಅವನು ಗಡಿಯಾರ ನೋಡಿಕೊಂಡ. "ಸರಿ. ಕೊಳೆ ಕೋಣೆಗೆ ಆಳು ಬೇಕಲ್ಲ. ಯಾರು ಹೋಗ್ತಾರೆ, ನೀನಾ?"

ಆ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಅವನು ಆಗುವುದಿಲ್ಲ ಎನ್ನುತ್ತಾನೆ, ಕೇಳಿದ ಸಮಾಧಾನವಾದರೂ ತನಗೆ ಸಿಗುತ್ತದೆ ಎಂದುಕೊಂಡಿದ್ದಳು. "ಹೂಂ ಅಂದುಬಿಟ್ಟೆ ಕಣೇ," ಎಂದು ಆಮೇಲೆ ನನಗೆ ಹೇಳಿದಳು, "ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಅವನು ಹೆಸರು ಬರೆದುಕೊಂಡಾಗಿತ್ತು."

ಮುಂದಿನ ಮಂಗಳವಾರ ಬಂದ ಪತ್ರವನ್ನು ನಕಲು ಮಾಡುತ್ತಲೇ ಅಮ್ಮನಿಗೆ ಓದಿ ಹೇಳಿದೆ.

"ಅಕ್ಕ, ಹೋದ ವಾರ ನಾನು ಬರೆದದ್ದು ನಿಜವಲ್ಲ. ಜೊತೆಗಾತಿಯ ಮೇಲೆ ಚಾಡಿ ಹೇಳಿ ಅವಳನ್ನು ಕೊಳೆ ಕೋಣೆಗೆ ನೂಕಿದ್ದು ನಾನೇ. ಅವಳಿಗೆ ಭುಜ ನೋವು. ನಾನು ಕೇಳಿಯೂ ನೋಡಿರಲಿಲ್ಲ. ಈಗ ಅವಳ ಜಾಗಕ್ಕೆ ನಾನು ಬಂದಿದ್ದೇನೆ. ಇದನ್ನು ತ್ಯಾಗ ಎಂದು ಓದಬೇಡ. ಎರಡನೇ ದಿನಕ್ಕೇ ಪಶ್ಚಾತ್ತಾಪಪಟ್ಟೆ, ಚಾಡಿ ಹೇಳಿದ್ದಕ್ಕಲ್ಲ, ಬದಲಿಗೆ ಬಂದದ್ದಕ್ಕೆ. ಇಲ್ಲಿನ ವಾಸನೆ ಊಟದ ತಟ್ಟೆಯವರೆಗೂ ಬರುತ್ತದೆ. ಪ್ರಾರ್ಥನೆಗೆ ಕೂತರೆ ನಿದ್ದೆ ಬರುತ್ತದೆ. ಕರ್ತನು ನನಗೆ ಏನು ಕಲಿಸುತ್ತಿದ್ದಾನೋ ತಿಳಿಯದು. ತಿಳಿದವಳ ಹಾಗೆ ಬರೆದು ಬರೆದು ಸಾಕಾಗಿದೆ. ಇಷ್ಟೇ."

ಅಮ್ಮ ಕೂಡಲೇ ಫೋನು ಮಾಡಿದಳು. ಅವಳ ಮುಖ ಕೆಂಪಾಗಿತ್ತು.

"ಇದನ್ನ ಹೇಗೆ ಓದ್ಲಿ ನಾನು? ಕೊನೆಗೆ ಪಾಠ ಏನು ಅಂತಾನೇ ಬರೆದಿಲ್ಲ ನೀನು."

"ಇಲ್ಲ ಅಕ್ಕ. ಇದ್ದಿದ್ರೆ ಬರೀತಿದ್ದೆ."

"ಒಂದು ಸಾಲು ಸೇರಿಸೇ. ಕ್ಷಮೆ ಬಗ್ಗೆ ಏನಾದ್ರೂ."

"ಅವಳಿನ್ನೂ ನನ್ನನ್ನ ಕ್ಷಮಿಸಿಲ್ಲ. ನಾನ್ಹೇಗೆ ಸೇರಿಸ್ಲಿ?"

ಅಮ್ಮ ಫೋನಿಟ್ಟವಳು ಅಂದೂ ಮಾರನೆಯ ದಿನವೂ ಸಿಡುಕುತ್ತಲೇ ಇದ್ದಳು. ಗುರುವಾರ ಕೂಟದಲ್ಲಿ ಕನ್ನಡಕ ಸರಿಯಿಲ್ಲ ಎಂದು ನೆಪ ಹೇಳಿ ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಓದಿದೆ. ಪಾದ್ರಿಯಮ್ಮ ಹಾಡಿನ ಪುಸ್ತಕದ ಪುಟ ತಿರುಗಿಸಿದರು. ಯಾವ ಹಾಡು ಹೇಳಿಸಬೇಕೋ ಅವರಿಗೆ ತೋಚಲಿಲ್ಲ. ಮುಂದಿನ ಸಾಲಿನ ಇಬ್ಬರು ಮುಖ ಮುಖ ನೋಡಿಕೊಂಡರು. ಅಮ್ಮ ನೆಲ ನೋಡುತ್ತಿದ್ದಳು.

ಹಿಂದಿನ ಬೆಂಚಿನಲ್ಲಿದ್ದ ನಿವೃತ್ತ ನರ್ಸಮ್ಮ ಎದ್ದು ನಿಂತರು. ಅವರು ಕೂಟದಲ್ಲಿ ಬಾಯಿ ಬಿಡುವುದೇ ಅಪರೂಪ.

"ನಾನು ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದೆ. ಚಾದರ ತೆಗೆದು ಮೂಟೆಗೆ ಹಾಕಿದ ಮೇಲೆ ಅದು ಯಾರ ಕೈಗೆ ಹೋಗುತ್ತೆ ಅಂತ ಒಂದು ದಿನ ಯೋಚನೆ ಮಾಡ್ಲಿಲ್ಲ," ಎಂದರು. "ಇಷ್ಟು ದಿನ ಅವಳ ಪತ್ರ ಓದಿ ನಮಗೋಸ್ಕರ ಪ್ರಾರ್ಥನೆ ಮಾಡ್ಕೊಂಡ್ವಿ. ಇವತ್ತು ಅವಳಿಗೋಸ್ಕರ ಮಾಡೋಣ. ಪಾಪ, ಅವಳಿಗೆ ಆಯಾಸ ಆಗಿದೆ."

ಪ್ರಾರ್ಥನೆ ಚಿಕ್ಕದಾಗಿತ್ತು. ನರ್ಸಮ್ಮನೇ ಮಾಡಿದರು. ಚಿಕ್ಕಮ್ಮನಿಗೆ ನಿದ್ದೆ ಕೊಡು, ಆ ಎತ್ತರದ ಹೆಂಗಸಿನ ಭುಜ ವಾಸಿ ಮಾಡು ಎಂದು ಕೇಳಿದರು, ಕುಳಿತರು. ಮನೆಗೆ ಬಂದು ಬಾಗಿಲ ಬೀಗ ತೆಗೆಯುತ್ತ ಅಮ್ಮ, "ಕಾಲು ಊದಿದೆ ಅಂದಾಗ ನಾನು ಔಷಧಿ ಹೇಳ್ಬೇಕಿತ್ತು. ಪತ್ರ ಕೇಳಿದೆ," ಎಂದಳು.

ಆಮೇಲೆ ಅವಳು ಬುಧವಾರದ ಫೋನು ನಿಲ್ಲಿಸಿದಳು. ಬೇರೆ ದಿನ ಮಾಡಿ, ಏನು ತಿಂದೆ, ನಿದ್ದೆ ಬಂತಾ ಎಂದಷ್ಟೇ ಕೇಳುತ್ತಿದ್ದಳು.

ಚಿಕ್ಕಮ್ಮ ಕೊಳೆ ಕೋಣೆಯಲ್ಲಿ ಏಳು ತಿಂಗಳು ಇದ್ದಳು. ಮೂಟೆಗಳಲ್ಲಿ ಚಮಚ, ಕನ್ನಡಕ, ಹಲ್ಲಿನ ಸೆಟ್ಟು, ಒಮ್ಮೆ ಒಂದು ಮದುವೆ ಉಂಗುರ ಸಿಕ್ಕವು. ಅವನ್ನೆಲ್ಲ ಒರೆಸಿ ಗಡಿಯಾರನ ಮೇಜಿನ ಮೇಲಿಡುತ್ತಿದ್ದಳು. ಕೈಯ ಚರ್ಮ ಸುಲಿಯಿತು. ಸಂಜೆ ಕೋಣೆಗೆ ಬಂದರೆ ಬೂಟು ಬಿಚ್ಚಲೂ ಬೇಸರವಾಗಿ ಹಾಗೇ ಗೋಡೆಗೆ ಒರಗಿ ಕೂರುತ್ತಿದ್ದಳಂತೆ. ಉದ್ದಕ್ಕ ಸಣ್ಣ ಬಟ್ಟೆಯ ಮೇಜಿನಲ್ಲಿದ್ದಳು. ದಿನವೂ ಎದುರಾದರೂ ಮುಖ ತಿರುಗಿಸಿ ಹೋಗುತ್ತಿದ್ದಳು. ನಾಲ್ಕನೆಯ ತಿಂಗಳಲ್ಲೊಂದು ದಿನ, ಚಿಕ್ಕಮ್ಮ ಕೈ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಮುಲಾಮಿನ ಡಬ್ಬಿಯೊಂದನ್ನು ಟಪ್ಪೆಂದು ಇಟ್ಟು ಹೊರಟುಹೋದಳು. ಅರ್ಧ ಖಾಲಿಯಾದ ಡಬ್ಬಿ. ಚಿಕ್ಕಮ್ಮ ಅದನ್ನು ಹಚ್ಚಿಕೊಂಡಳು. ಅದರ ಮೇಲೆ ಪತ್ರ ಬರೆಯಲಿಲ್ಲ. ನನಗೆ ಬಾಯಲ್ಲಿ ಹೇಳಿದಳು.

ಉದ್ದಕ್ಕನ ಕೆಲಸದ ಅವಧಿ ಮುಗಿದು ಅವಳು ಊರಿಗೆ ಹೊರಡುವ ದಿನ ಮಂಗಳವಾರವೇ ಆಗಿತ್ತು. ಚಿಕ್ಕಮ್ಮ ಬಸ್ ಸ್ಟಾಪಿಗೆ ಹೋದಳು. ಕ್ಷಮೆ ಕೇಳುವುದಕ್ಕೆ ಆ ಭಾಷೆಯಲ್ಲಿ ಅವಳಿಗೆ ಗೊತ್ತಿದ್ದುದು, ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಪದವೊಂದೇ. ಅದನ್ನೇ ಹೇಳಿದಳು. ಚಾಡಿ ಹೇಳಿದ್ದು ನಾನು ಎಂದೂ ಹೇಳಿದಳು.

"ಗೊತ್ತು," ಎಂದಳು ಉದ್ದಕ್ಕ, ಅದೇ ಅರೆಬರೆ ಭಾಷೆಯಲ್ಲಿ. "ಅವತ್ತೇ ಗೊತ್ತಿತ್ತು. ನಿನ್ನ ಮುಖ ನೋಡಿದ್ರೆ ಮೈ ಉರೀತಿತ್ತು."

"ಈಗ?"

"ಈಗ ಸುಸ್ತು. ಉರಿಯೋದಕ್ಕೂ ಶಕ್ತಿ ಬೇಕು."

ಇಬ್ಬರಿಗೂ ನಗು ಬಂತು. ಅಷ್ಟೇನೂ ದೊಡ್ಡ ನಗುವಲ್ಲ. ಬಸ್ಸು ತಡವಾಗಿತ್ತು, ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಬೆಂಚಿನ ಮೇಲೆ ಕುಳಿತರು. ಬಸ್ಸು ಬಂದಾಗ ಚಿಕ್ಕಮ್ಮ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಎತ್ತಿಟ್ಟಳು. ಉದ್ದಕ್ಕ ಈ ಸಲ ಬೇಡ ಎನ್ನಲಿಲ್ಲ.

ಚಿಕ್ಕಮ್ಮ ಇನ್ನೂ ಅಲ್ಲೇ ಇದ್ದಾಳೆ. ಈಗ ಇಸ್ತ್ರಿ ಯಂತ್ರದ ಹತ್ತಿರ ಹಾಕಿದ್ದಾರೆ, ಸೆಕೆ ವಿಪರೀತ. ಪತ್ರ ತಿಂಗಳಿಗೊಂದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಂಬಿಕೆ ಹೇಗಿದೆ ಎಂದು ಪಾದ್ರಿಯಮ್ಮ ಒಮ್ಮೆ ಫೋನಿನಲ್ಲಿ ಕೇಳಿದರಂತೆ. "ಇದೆ ಅಮ್ಮಾ, ನನ್ನ ಹಾಗೇ ಇದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತೆ," ಎಂದಳಂತೆ.