ತೊಳೆಯದೆ ಉಳಿದ ಕಲ್ಲು

ಜರಡಿಯಕ್ಕನ ಪರಿಚಯ ನನಗಾದದ್ದು ಅವರ ಕೆಸರಿನಲ್ಲಿ ಎಡಗಾಲಿಟ್ಟಾಗ. ಸಮುದ್ರ ಸಂಶೋಧನಾಲಯದ ನೆಲಮಾಳಿಗೆಯಲ್ಲಿ, ಅವರ ಕೋಣೆಯ ಹೊಸ್ತಿಲಿಗೆ ತಾಗಿಕೊಂಡು ಒಂದು ಅಗಲವಾದ ತಟ್ಟೆಯಿತ್ತು. ಅದರ ತುಂಬ ಅರೆ ಒಣಗಿದ ಕಂದು ಮಣ್ಣು. ಹೊರಗೆ ಆಗಷ್ಟೇ ಮಳೆ ನಿಂತಿತ್ತು. ಅದನ್ನು ಕಾಲೊರೆಸು ಎಂದುಕೊಂಡ ನಾನು, ಮರ್ಯಾದಸ್ಥ ಮನುಷ್ಯನಂತೆ ಬೂಟನ್ನು ಅದರ ಮೇಲೆ ಎರಡು ಸಲ ಹಿಂದೆ ಮುಂದೆ ಉಜ್ಜಿದೆ.

“ಬಲಗಾಲು ಆಚೆನೇ ಇರಲಿ,” ಎಂದು ಒಳಗಿನಿಂದ ಒಂದು ದನಿ ಬಂತು. ಅದರಲ್ಲಿ ಗಾಬರಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ಎಡಗಾಲು ಮೆಲ್ಲಗೆ ಎತ್ತಿ. ಅದು ಐದು ಕಿಲೋಮೀಟರ್ ಆಳದಿಂದ ಬಂದ ಮಣ್ಣು. ನೀವು ಉಜ್ಜಿ ಹಾಕಿದ್ದು ಒಂದು ಇಪ್ಪತ್ತು ಸಾವಿರ ವರ್ಷ ಇರಬಹುದು.”

ಒಂಟಿಗಾಲಲ್ಲಿ ನಿಂತು ಕ್ಷಮೆ ಕೇಳುವುದು ಕಷ್ಟ. ಐವತ್ತು ದಾಟಿದ ಹೊಟ್ಟೆಯವನಿಗೆ ಇನ್ನೂ ಕಷ್ಟ. ಆಕೆ ಬಂದು ನನ್ನ ಬೂಟು ಬಿಚ್ಚಿಸಿಕೊಂಡು, ಅದರ ಅಡಿಯನ್ನು ಒಂದು ಪುಟ್ಟ ಕುಂಚದಿಂದ ಕೆರೆದು, ಬಿದ್ದ ಮಣ್ಣನ್ನು ಸೀಸೆಯೊಂದಕ್ಕೆ ತುಂಬಿ ಚೀಟಿ ಅಂಟಿಸಿದರು. ಚೀಟಿಯ ಮೇಲೆ ತಾರೀಖು, ಅದರ ಕೆಳಗೆ ‘ಪತ್ರಿಕೆಯವರ ಬೂಟು’ ಎಂದಿತ್ತು. ಇಪ್ಪತ್ತೆರಡು ವರ್ಷದಿಂದ ವಾರಪತ್ರಿಕೆಗೆ ಹಾಸ್ಯದ ಅಂಕಣ ಬರೆಯುತ್ತಿದ್ದೇನೆ. ವಿಜ್ಞಾನಕ್ಕೆ ನನ್ನ ಕಾಣಿಕೆ ಎಂದು ಇವತ್ತಿಗೂ ಇರುವುದು ಆ ಸೀಸೆಯೊಂದೇ.

ನಾನು ಹೋಗಿದ್ದು ತಮಾಷೆ ಹುಡುಕಿಕೊಂಡು. ನಮ್ಮ ಊರಿನ ಬಂದರಿನಿಂದ ಹಡಗು ಹೊರಡಿಸಿ, ಸಮುದ್ರದ ತಳದಿಂದ ಲೋಹ ತುಂಬಿದ ಕಲ್ಲುಗಳನ್ನು ಯಂತ್ರದಲ್ಲಿ ಹೀರಿ ತರುತ್ತೇವೆಂದು ಒಂದು ಕಂಪನಿ ಸರ್ಕಾರದ ಅನುಮತಿ ಕೇಳಿತ್ತು. ಅನುಮತಿ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಶಾಸಕರ ಸಮಿತಿಯೊಂದು ಬರುವುದರಲ್ಲಿತ್ತು. ಊರು ಎರಡಾಗಿತ್ತು. ಕ್ಷೌರದಂಗಡಿಯಲ್ಲಿ ಕೂಡ, ತಲೆ ಕೊಡುವ ಮೊದಲು ಕತ್ತರಿ ಯಾವ ಪಕ್ಷದ್ದೆಂದು ಕೇಳಿಕೊಳ್ಳಬೇಕಾಗಿತ್ತು. ಆ ಕಲ್ಲುಗಳು ನೋಡಲು ಆಲೂಗಡ್ಡೆಯ ಹಾಗಿವೆಯೆಂದು ಯಾರೋ ಹೇಳಿದ್ದರು. ಆಲೂಗಡ್ಡೆಗಾಗಿ ಮುಳುಗುವ ದೇಶ ಎಂಬ ತಲೆಬರಹವನ್ನೂ ನಾನು ಬರೆದಿಟ್ಟುಕೊಂಡಿದ್ದೆ. ಒಂದು ಕಲ್ಲು ಕಣ್ಣಾರೆ ನೋಡಿದರೆ ಉಳಿದದ್ದು ತಾನೇ ಬರುತ್ತದೆ ಎಂದುಕೊಂಡಿದ್ದೆ.

ಜರಡಿಯಕ್ಕನಿಗೆ ಆಗ ಐವತ್ತೊಂಬತ್ತು. ಓದಿದ್ದು ಹತ್ತನೇ ತರಗತಿ. ಮೂವತ್ತನಾಲ್ಕು ವರ್ಷದಿಂದ ಅದೇ ನೆಲಮಾಳಿಗೆಯಲ್ಲಿ ಸಮುದ್ರದ ಕೆಸರನ್ನು ಜರಡಿ ಹಿಡಿದು, ಅದರಲ್ಲಿರುವ ಜೀವಿಗಳನ್ನು ಆರಿಸಿ, ಸೀಸೆಗೆ ಹಾಕುವ ಕೆಲಸ. ನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಮಡಿಕೆ ಬಿದ್ದಿದ್ದವು. ಬಲಗೈ ಎಡಗೈಗಿಂತ ದಪ್ಪ. ಅವರ ಕೆಲಸಕ್ಕೊಂದು ಕ್ರಮವಿತ್ತು. ಕೆಸರಿನ ಮೇಲೆ ಎಂದೂ ನೀರು ಸುರಿಯುವಂತಿಲ್ಲ. ನೀರು ತುಂಬಿದ ಬೋಗುಣಿಗೆ ಕೆಸರನ್ನು ಚಮಚ ಚಮಚವಾಗಿ ಇಳಿಬಿಡಬೇಕು. ಇಲ್ಲದಿದ್ದರೆ ಕೂದಲಿನಷ್ಟು ಸಣ್ಣ ಹುಳುಗಳು ಮುರಿದು ಹೋಗುತ್ತವೆ. ಮೂರೇ ಮೂರು ಎಳೆ ಉಳಿಸಿಕೊಂಡ ಕುಂಚದಿಂದ ಅವನ್ನು ಎತ್ತಬೇಕು. ಈ ಕುಂಚ ಮುಟ್ಟಿದವರನ್ನು ಆಕೆ ಬೈಯುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಮಾತು ಬಿಡುತ್ತಿದ್ದರು.

ಮನೆಯಲ್ಲಿ ಆಕೆ ಮತ್ತು ತಮ್ಮ. ಹೆಂಡತಿ ಹೋದ ಮೇಲೆ ತಮ್ಮ ಅಕ್ಕನ ಮನೆಗೇ ಬಂದುಬಿಟ್ಟಿದ್ದ. ಬಂದರಿನಲ್ಲಿ ಕ್ರೇನು ನಡೆಸುವವನು. “ಇವಳು ಸೊಪ್ಪು ತೊಳೆದ ನೀರನ್ನ ಚೆಲ್ಲೋಕೆ ಮುಂಚೆ ಬೆಳಕಿಗೆ ಹಿಡಿದು ನೋಡ್ತಾಳೆ ಸಾರ್. ಊಟ ಆಗೋದು ಮೂರು ಗಂಟೆಗೆ,” ಎಂದು ಆತ ನನ್ನ ಹತ್ತಿರ ದೂರಿದ್ದುಂಟು. ಕಂಪನಿ ಬರಲಿ ಎನ್ನುವವರ ಕಡೆ ಆತ. ಹಡಗುಗಳು ಕಡಿಮೆಯಾಗಿ, ವಾರದಲ್ಲಿ ಮೂರು ದಿನ ಕ್ರೇನಿನ ಮೇಲೆ ಕೂತು ಪಾರಿವಾಳ ನೋಡುವ ಸ್ಥಿತಿ ಅವನದು.

“ಅಕ್ಕ, ನಿನ್ನ ಹುಳಕ್ಕೆ ಓಟಿಲ್ಲ, ನನ್ನ ಕ್ರೇನಿಗೆ ಕೆಲಸ ಇಲ್ಲ. ಯಾರ ಕಷ್ಟ ದೊಡ್ಡದು ಹೇಳು.”

“ಕೆಲಸ ಇಲ್ಲದಿದ್ರೆ ಆ ಬಚ್ಚಲ ನಲ್ಲಿ ಸರಿ ಮಾಡೋ. ತಿಂಗಳಿಂದ ಸೋರ್ತಿದೆ.”

ಮೊದಲ ದಿನ ಆಕೆ ನನಗೆ ತೋರಿಸಿದ್ದು ಗರಗಸದಲ್ಲಿ ಎರಡು ಹೋಳು ಮಾಡಿದ ಒಂದು ಕಲ್ಲು. ಹೊರಗೆ ಕಪ್ಪು. ಒಳಗೆ, ಮರ ಕಡಿದಾಗ ಕಾಣುವಂತೆ, ಸುತ್ತು ಸುತ್ತು ಗೆರೆಗಳು. ನಡುವೆ ಬಿಳಿಯದೊಂದು ಮೊನೆ.

“ಅದು ಶಾರ್ಕಿನ ಹಲ್ಲು,” ಎಂದರು. “ತಳಕ್ಕೆ ಬಿತ್ತು. ಅದರ ಸುತ್ತ ನೀರಿನಲ್ಲಿದ್ದ ಲೋಹ ಕೂತುಕೊಳ್ತಾ ಹೋಯ್ತು. ಇಷ್ಟು ಬೆಳೆಯೋಕೆ, ನೋಡಿ,” ಎಂದು ಕಿರುಬೆರಳ ಉಗುರಿನ ಅಂಚು ತೋರಿಸಿದರು, “ಹತ್ತು ಲಕ್ಷ ವರ್ಷಕ್ಕೂ ಮೇಲೆ.”

ಕಲ್ಲು ನನ್ನ ಅಂಗೈಯಲ್ಲಿತ್ತು. ಮನಸ್ಸಿನಲ್ಲೇ ಗುಣಿಸಲು ಹೋಗಿ ಕೈಬಿಟ್ಟೆ. ಈ ಹಲ್ಲು ಯಾವುದೋ ಬಾಯಿಂದ ಉದುರಿದಾಗ ನಗಿಸಲು ಯಾರೂ ಇರಲಿಲ್ಲ, ನಗಲೂ ಯಾರೂ ಇರಲಿಲ್ಲ. ಆಲೂಗಡ್ಡೆಯ ತಲೆಬರಹ ಜೇಬಿನಲ್ಲೇ ಮುದುಡಿಕೊಂಡಿತು.

ಆಮೇಲೆ ಆಕೆ ಬೀರು ತೆಗೆದು ಒಂದು ಗಾಜಿನ ಜಾಡಿ ಹೊರಗಿಟ್ಟರು. ಒಳಗೆ ಸ್ಪಿರಿಟ್ಟಿನಲ್ಲಿ ಇನ್ನೊಂದು ಕಲ್ಲು. ಇದರ ಮೈಮೇಲೆ ಮಣ್ಣು ಹಾಗೇ ಇತ್ತು. ಜಾಡಿಯನ್ನು ದೊಡ್ಡ ಮಸೂರದ ಕೆಳಗಿಟ್ಟು, ದೀಪ ಸರಿಸಿ, “ಉಸಿರು ಮೆಲ್ಲಗೆ ಬಿಡಿ, ಗಾಜು ಮಂಜಾಗುತ್ತೆ,” ಎಂದರು.

ಕಲ್ಲಿನ ನೆತ್ತಿಯಿಂದ ಒಂದು ಎಳೆ ಎದ್ದು ನಿಂತಿತ್ತು. ಕೂದಲೆಂದುಕೊಂಡೆ. ಕೂದಲಲ್ಲ, ಗಾಜು. ಅದರ ತುದಿಯಲ್ಲಿ ಗಾಜಿನದೇ ಒಂದು ಬುಟ್ಟಿ. ಯಾವ ಅಕ್ಕಸಾಲಿಗೂ ಹೆಣೆಯಲಾಗದಷ್ಟು ನವಿರಾದ ಜಾಲರಿ. ಅದು ಒಂದು ಪ್ರಾಣಿ, ತನ್ನ ಮನೆಯನ್ನು ತಾನೇ ಗಾಜಿನಿಂದ ಕಟ್ಟಿಕೊಂಡ ಸ್ಪಂಜು. ಎಳೆಯ ನಡುವಿಗೆ ಐದು ತೋಳಿನ ನಕ್ಷತ್ರಮೀನೊಂದು ತಬ್ಬಿಕೊಂಡಿತ್ತು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಕೆಳಗೆ ಕಲ್ಲಿನ ಗುಳಿಯಲ್ಲಿ ಮಣ್ಣಿನ ಕಣ ಅಂಟಿಸಿ ಕಟ್ಟಿದ ಕೊಳವೆಗಳ ಸಾಲು. ಒಂದರ ಬಾಯಿಂದ ಹುಳುವಿನ ತಲೆ ಇಣುಕುತ್ತಿತ್ತು, ಬಾಡಿಗೆದಾರ ಕಿಟಕಿಯಿಂದ ಬೀದಿ ನೋಡುವ ಹಾಗೆ. ಎಷ್ಟು ಹೊತ್ತು ನೋಡಿದೆನೋ. ಬೆಳಕು ಎಂದೂ ಹೋಗದ ಕತ್ತಲೆಯಲ್ಲಿ, ನೋಡುವವರು ಯಾರೂ ಇಲ್ಲದಲ್ಲಿ, ಇಷ್ಟು ಅಂದ ಯಾರಿಗಾಗಿ ಎಂದು ಕೇಳಬೇಕೆನ್ನಿಸಿತು.

“ಇಂಥ ಕಲ್ಲು ಎಷ್ಟಿವೆ ಅಕ್ಕ?” ಎಂದೆ ಕೊನೆಗೆ.

ಆಕೆ ಜಾಡಿಯ ಮುಚ್ಚಳ ಒರೆಸುತ್ತ, “ಆರುನೂರ ಹದಿನಾಲ್ಕು ಬಂದಿತ್ತು. ಆರುನೂರ ಹದಿಮೂರನ್ನ ನಾನು ತೊಳೆದೆ,” ಎಂದರು.

ಕತೆ ಇಷ್ಟು. ಹನ್ನೊಂದು ವರ್ಷದ ಹಿಂದೆ ಸಂಶೋಧನಾಲಯದ ಹಡಗು, ಈಗ ಕಂಪನಿ ಕೇಳುತ್ತಿರುವ ಜಾಗದಿಂದಲೇ ಕಲ್ಲು ತಂದಿತ್ತು. ಕಲ್ಲುಗಳು ಮೇಲಿನ ಮಹಡಿಯ ಲೋಹ ವಿಭಾಗದವು. ಅವರಿಗೆ ಬೇಕಾದದ್ದು ತೂಕ ಮತ್ತು ಲೋಹ. ತೂಗಬೇಕಾದರೆ ಮಣ್ಣು ಇರಬಾರದು. ಚೊಕ್ಕ ಕೈಯೆಂದು ಹೆಸರಾದ ಜರಡಿಯಕ್ಕನ ಬಳಿ ಬಕೆಟುಗಳು ಬಂದವು. ಕೆಸರಾಗಿದ್ದರೆ ಆಕೆ ಚಮಚದಲ್ಲಿ ಇಳಿಬಿಡುತ್ತಿದ್ದರು. ಇದು ಕಲ್ಲು. ಕಲ್ಲನ್ನು ಎಲ್ಲರೂ ತೊಳೆಯುವ ಹಾಗೆ ನಲ್ಲಿಯ ಕೆಳಗೆ ಹಿಡಿದು, ಗಡುಸು ಬ್ರಷ್ಷಿನಿಂದ ತಿಕ್ಕಿದರು. ನೀರು ಮೋರಿಗೆ ಹೋಯಿತು. ಕೊನೆಯ ಕಲ್ಲಿನ ಹೊತ್ತಿಗೆ ನಲ್ಲಿಯಲ್ಲಿ ನೀರು ನಿಂತಿತು. ನಾಳೆ ತೊಳೆಯೋಣ, ಅಲ್ಲಿಯವರೆಗೆ ಒಣಗದಿರಲಿ ಎಂದು ಸ್ಪಿರಿಟ್ಟಿಗೆ ಹಾಕಿಟ್ಟರು. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದರೆ ಎಳೆಯೊಂದು ಹೊಳೆಯಿತು.

ಆಗಿನ ಲೋಹ ವಿಭಾಗದ ಮುಖ್ಯಸ್ಥರಿಗೆ ಆಕೆ ಹೇಳಿದ್ದರು. ಒಂದು ಕಲ್ಲು ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರು ನಕ್ಕಿದ್ದರು. ವರದಿಯಲ್ಲಿ ಒಂದು ಸಾಲು ಸೇರಿತು: ಪರೀಕ್ಷಿಸಿದ ಕಲ್ಲುಗಳ ಮೇಲೆ ಜೀವಿಗಳ ಕುರುಹು ಕಂಡುಬಂದಿಲ್ಲ. ಈಗ ಕಂಪನಿಯ ಅರ್ಜಿ ನಿಂತಿದ್ದು ಆ ಸಾಲಿನ ಮೇಲೆ.

“ತೊಳೆದವರು ಅನ್ನೋ ಕಡೆ ನನ್ನ ಸಹಿ ಇದೆ, ಆರುನೂರ ಹದಿಮೂರು ಸಲ,” ಎಂದರು. “ಹೇಳಿದ್ರೆ, ಮೂವತ್ತನಾಲ್ಕು ವರ್ಷ ಇವಳು ಇನ್ನೇನೇನು ತೊಳೆದು ಹಾಕಿದ್ಲೋ ಅಂತಾರೆ. ಹೇಳದಿದ್ರೆ ಯಂತ್ರ ಇಳಿಯುತ್ತೆ.”

ವಿಷಯ ತಿಳಿದ ಸಂಶೋಧನಾಲಯದ ನಿರ್ದೇಶಕರು ಆಗಲೇ ಕರೆದು, “ನಿವೃತ್ತಿಗೆ ಏಳು ತಿಂಗಳಿದೆ. ಸಂಸ್ಥೆ ಮಾನ ಯಾಕಮ್ಮ ಬೀದಿಗೆ ತರ್ತೀರಿ?” ಎಂದಿದ್ದರಂತೆ. ಆದರೆ ಸಮಿತಿಯ ಮುಂದೆ ಸಾರ್ವಜನಿಕರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದಿತ್ತು. ಹೇಳಿಕೆ ಬರೆದುಕೊಡಿ ಎಂದು ಆಕೆ ನನ್ನನ್ನು ಕೇಳಿದರು. ಉಬ್ಬಿಹೋದೆ. ಎರಡು ದಿನ ಕೂತು ನಾಲ್ಕು ಪುಟ ಬರೆದೆ. ‘ಅನಾದಿ ಕಾಲದಿಂದಲೂ ಮನುಕುಲವು ಸಾಗರದ ಒಡಲನ್ನು’ ಎಂದು ಶುರುವಾಗುತ್ತಿತ್ತು.

ಆಕೆ ಕನ್ನಡಕ ಏರಿಸಿ ಓದಿದರು. “ಮನುಕುಲ ತೆಗೀರಿ. ಅದು ತೊಳೀಲಿಲ್ಲ. ನಾನು ತೊಳೆದೆ.”

ನಾಲ್ಕು ಪುಟವನ್ನು ಜರಡಿ ಹಿಡಿದ ಮೇಲೆ ಉಳಿದದ್ದು ಆರು ಸಾಲು. ಆರರಲ್ಲಿ ನನ್ನದೆಂದು ಹೇಳಿಕೊಳ್ಳಲು ಒಂದು ಪೂರ್ಣವಿರಾಮ ಸಿಗಬಹುದು.

ವಿಚಾರಣೆ ನಡೆದದ್ದು ಪುರಸಭೆಯ ಸಭಾಂಗಣದಲ್ಲಿ. ತಮ್ಮನೇ ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಜಾಡಿ ಆಕೆಯ ಮಡಿಲಲ್ಲಿತ್ತು. “ನಾನು ಆ ಕಡೆಯವರ ಜೊತೆ ಕೂರ್ತೀನಿ ಸಾರ್. ಅವಳನ್ನ ನೀವು ನೋಡ್ಕೊಳ್ಳಿ,” ಎಂದು ಹೇಳಿ, ಬಂದರಿನವರ ಸಾಲಿನಲ್ಲಿ ಹೋಗಿ ಕೂತ.

ಕಂಪನಿಯ ವಕ್ತಾರರು ಪರದೆಯ ಮೇಲೆ ಚಿತ್ರ ತೋರಿಸಿದರು. ಬೂದು ಬಯಲು, ಅದರ ಮೇಲೆ ಕಪ್ಪು ಚುಕ್ಕೆಗಳು. “ಇದೊಂದು ಖಾಲಿ ಮೈದಾನ. ನಾವು ಅಗೆಯುವುದಿಲ್ಲ, ಹೆಕ್ಕುತ್ತೇವೆ. ಹೊಲದಿಂದ ಆಲೂಗಡ್ಡೆ ಆರಿಸಿದಂತೆ,” ಎಂದರು. ಜನ ನಕ್ಕರು. ಪ್ರಕಟವಾಗುವ ಮೊದಲೇ ನನ್ನ ಹಾಸ್ಯ ಒಬ್ಬರ ವಾದವಾಗಿ ಕೆಲಸಕ್ಕೆ ಸೇರಿತ್ತು. ಕುರ್ಚಿಯಲ್ಲಿ ನಾನು ಸ್ವಲ್ಪ ಕುಗ್ಗಿದೆ.

ಜರಡಿಯಕ್ಕನ ಸರದಿ ಬಂತು. ಆರು ಸಾಲು ಓದಿದರು. ದನಿ ಏರಲಿಲ್ಲ. ಕಲ್ಲುಗಳ ಮೇಲೆ ಏನೂ ಇರಲಿಲ್ಲ ಎಂದು ವರದಿ ಹೇಳುತ್ತದೆ, ತೂಗುವ ಮೊದಲು ನಾನು ಅವನ್ನು ಬ್ರಷ್ಷಿನಿಂದ ತಿಕ್ಕಿದ್ದೆ, ಅದು ನನ್ನ ತಪ್ಪು, ತಿಕ್ಕದೆ ಉಳಿದದ್ದು ಇದೊಂದು. ಸಭೆಯಲ್ಲಿ ಗುಸುಗುಸು ಎದ್ದಿತು. ನಿರ್ದೇಶಕರು ನೆಲ ನೋಡುತ್ತಿದ್ದರು.

ಕಂಪನಿಯ ವಕೀಲರು ಎದ್ದರು. “ತಾವು ಏನು ಓದಿದ್ದೀರಿ?”

“ಹತ್ತನೇ ಕ್ಲಾಸು.”

“ಅಂದರೆ ನಿಮ್ಮ ಕೆಲಸ ನೀವೇ ಸರಿಯಾಗಿ ಮಾಡಲಿಲ್ಲ ಅಂತ ಒಪ್ಪಿಕೊಳ್ತಿದ್ದೀರಿ.”

“ಹೌದು. ತುಂಬ ಚೊಕ್ಕವಾಗಿ ಮಾಡಿಬಿಟ್ಟೆ.”

ಬಂದರಿನವರ ಸಾಲಿನಿಂದ ಯಾರೋ, “ಮನೆಗೆ ಹೋಗಿ ಪಾತ್ರೆ ತೊಳಿಯಮ್ಮ,” ಎಂದರು. ತಮ್ಮ ಎದ್ದು ನಿಂತ. ಕುರ್ಚಿ ಎತ್ತಿಕೊಂಡು ಈ ಕಡೆ ಬಂದು, ನನ್ನ ಪಕ್ಕ ಹಾಕಿಕೊಂಡು ಕೂತ.

ಸಮಿತಿಯ ಅಧ್ಯಕ್ಷರು ವಯಸ್ಸಾದವರು, ಬೆಳಗಿನಿಂದ ಎರಡು ಸಲ ತೂಕಡಿಸಿದ್ದರು. ಜಾಡಿ ತರಲು ಹೇಳಿದರು. ಜರಡಿಯಕ್ಕ ಮಸೂರ ಹೊಂದಿಸಿ, ದೀಪ ಸರಿಸಿ, ಉಸಿರಿನ ಎಚ್ಚರಿಕೆ ಕೊಟ್ಟರು. ಅಧ್ಯಕ್ಷರು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಪಕ್ಕದ ಶಾಸಕರು ಗಡಿಯಾರ ನೋಡಿದರು, ಆಮೇಲೆ ಅವರೂ ಬಗ್ಗಿದರು. ಸ್ವಲ್ಪ ಹೊತ್ತಿಗೆ ಒಂಬತ್ತು ಜನ ಶಾಸಕರು, ಆಡಳಿತ ಪಕ್ಷ ವಿರೋಧ ಪಕ್ಷವೆನ್ನದೆ, ನೀರಿನ ನಲ್ಲಿಯ ಮುಂದೆ ನಿಂತಂತೆ ಸಾಲಾಗಿ ನಿಂತಿದ್ದರು. ನೋಡಿ ಮುಗಿಸಿದವರು ಹೋಗಿ ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದರು. ವಕೀಲರೂ ಕೊನೆಗೆ ನೋಡಿದರು. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ನೋಡಿದರು.

ಮಧ್ಯಾಹ್ನದ ಮೇಲೆ ಅಧ್ಯಕ್ಷರು ತೀರ್ಮಾನ ಓದಿದರು. ವರದಿಯ ಆ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸದಾಗಿ, ತೊಳೆಯದೆ, ಪರೀಕ್ಷೆಯಾಗಬೇಕು. ಅಲ್ಲಿಯವರೆಗೆ ಆ ತಳಕ್ಕೆ ಯಾವ ಯಂತ್ರವೂ ಇಳಿಯುವಂತಿಲ್ಲ. ತಡೆ ಎಷ್ಟು ವರ್ಷವೆಂದು ಬರೆಯುವ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ಪೆನ್ನು ಹಿಡಿದು ಅವರು ಜರಡಿಯಕ್ಕನ ಕಡೆ ತಿರುಗಿದರು.

“ಅಲ್ಲಿ ಏನೇನಿದೆ ಅಂತ ಪೂರ್ತಿ ನೋಡಿ ಮುಗಿಸೋಕೆ ಹತ್ತು ವರ್ಷ ಸಾಕೇನಮ್ಮ?”

ಆಕೆ ಜಾಡಿಗೆ ಬಟ್ಟೆ ಸುತ್ತುತ್ತಿದ್ದರು.

“ಹೇಳೋಕಾಗಲ್ಲ ಸಾರ್. ಇದೊಂದು ಕಲ್ಲನ್ನ ದಿನಾ ಊಟದ ಹೊತ್ತಲ್ಲಿ ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ಇನ್ನೂ ಆ ಪಕ್ಕಕ್ಕೆ ತಿರುಗಿಸಿಲ್ಲ.”