ಗಿಣಿಯ ಹಸಿರು ಅಂಗಿ

ನಮ್ಮ ಸೋದರತ್ತೆಗೆ ಮಕ್ಕಳಿಲ್ಲವೆಂದು ಯಾರಾದರೂ ಕನಿಕರ ತೋರಿಸಿದರೆ ಮಾವ ಬಿಡುತ್ತಿರಲಿಲ್ಲ. "ಇದಾಳಲ್ಲ ಒಬ್ಳು, ಕಲ್ಲಿದ್ದಲು ತಿಂದು ಹೊಗೆ ಉಗುಳೋಳು" ಎನ್ನುತ್ತಿದ್ದರು. ಅವರು ಹೇಳುತ್ತಿದ್ದ ಮಗಳೆಂದರೆ ಉದ್ಯಾನದ ಕೆರೆಯ ಸುತ್ತ ಮಕ್ಕಳ ರೈಲನ್ನು ಎಳೆಯುವ ಪುಟ್ಟ ಉಗಿ ಎಂಜಿನ್. ಎತ್ತರ ಅತ್ತೆಯ ಸೊಂಟದಷ್ಟು, ಮೈಬಣ್ಣ ಹಸಿರು, ಹಾಗಾಗಿ ಹೆಸರು ಗಿಣಿ.

ಉದ್ಯಾನ ಕಟ್ಟಿಸಿದ ಯಜಮಾನರು ರೈಲ್ವೆ ಕಾರ್ಖಾನೆಯಿಂದ ನಿವೃತ್ತನಾದ ಮೇಸ್ತ್ರಿಯೊಬ್ಬನಿಂದ ಅದನ್ನು ಮಾಡಿಸಿದ್ದರಂತೆ. ಆ ಕಾಲದಲ್ಲಿ ಇಂಥದ್ದೊಂದು ಎಂಜಿನ್ ಇಲ್ಲದ ಉದ್ಯಾನವನ್ನು ಕಂಡರೆ ಜನ ಮೂಗು ಮುರಿಯುತ್ತಿದ್ದರು. ಆಮೇಲೆ ಒಂದೊಂದಾಗಿ ಎಲ್ಲವೂ ಗುಜರಿ ಸೇರಿದವು. ಪಕ್ಕದ ಊರಿನದು ಹೋಟೆಲೊಂದರ ಮುಂದೆ ಹೂಕುಂಡ ಹೊತ್ತು ನಿಂತಿದೆ. ಅವುಗಳ ಜಾಗಕ್ಕೆ ಬಂದದ್ದು ಬ್ಯಾಟರಿ ಬಂಡಿ. ಅದಕ್ಕೊಂದು ಸುಳ್ಳು ಹೊಗೆಕೊಳವೆ, ಸ್ಪೀಕರಿನೊಳಗೊಂದು ಕೂಗು. ಅದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅತ್ತೆ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿ, ಮೇಸ್ತ್ರಿಯ ಹಿಂದೆ ಮುಂದೆ ಸುತ್ತಿ, ಕೊನೆಗೆ ತಾನೇ ಚಾಲಕಿಯಾದವಳು. ಬಾಯ್ಲರಿಗೆ ತುಂಬುವ ನೀರಿನ ವಿಷಯದಲ್ಲಿ ಬಲು ಕಟ್ಟುನಿಟ್ಟು; ಗಡಸು ನೀರು ಒಳಗಿನ ಕಬ್ಬಿಣವನ್ನು ತಿನ್ನುತ್ತದೆಂದು ಮಳೆನೀರನ್ನು ಸೋಸಿಯೇ ಹಾಕಬೇಕು. ಹೊರಗಿನ ಚಂದವೂ ಕಡಿಮೆಯದಲ್ಲ. ಬಿಸಿ ಆರದಿರಲೆಂದು ಬಾಯ್ಲರಿನ ಸುತ್ತ ದಪ್ಪ ಹೊದಿಕೆ, ಅದರ ಮೇಲೆ ಹಸಿರು ತಗಡಿನ ಅಂಗಿ, ಅಂಗಿಗೆ ಹಿತ್ತಾಳೆ ಪಟ್ಟಿ. ಪ್ರತಿ ಸಂಜೆ ಎಂಜಿನ್ ತಣ್ಣಗಾದ ಮೇಲೆ ಅತ್ತೆ ಪೈಪು ಹಿಡಿದು ಅದಕ್ಕೆ ಸ್ನಾನ ಮಾಡಿಸಿ, ಒರೆಸಿ, ಹೊಳೆಯುವಂತೆ ಉಜ್ಜುತ್ತಿದ್ದಳು. ಮಾವ ದರ್ಜಿ. "ನಾನು ಹೊಲಿದ ಬಟ್ಟೆಗೆ ಈ ಮರ್ಯಾದೆ ಇಲ್ಲ ಕಣೇ" ಎಂದು ನನ್ನ ಬಳಿ ದೂರು ಹೇಳುತ್ತಿದ್ದರು.

ಹೊಸ ಮ್ಯಾನೇಜರ್ ಬಂದು, ಬಾಯ್ಲರ್ ತಪಾಸಣೆಯಲ್ಲಿ ಪಾಸಾದರೆ ಗಿಣಿ ಓಡುತ್ತದೆ, ಇಲ್ಲವಾದರೆ ಬ್ಯಾಟರಿ ಬಂಡಿ ತರಿಸುತ್ತೇನೆ ಎಂದರು. ಅಂದಿನಿಂದ ಅತ್ತೆ ತಟ್ಟೆಯ ಮುಂದೆ ಕೂತವಳು ಹಾಗೇ ಎದ್ದುಬಿಡುತ್ತಿದ್ದಳು. "ಅದು ಫೇಲಾದ್ರೆ ನನ್ನನ್ನೂ ಜೊತೇಲೇ ತೂಕಕ್ಕೆ ಹಾಕ್ಬಿಡಿ" ಎಂದಳು ಒಮ್ಮೆ. ನಾನು ನಕ್ಕೆ. ಅವಳು ನಗಲಿಲ್ಲ.

ತಪಾಸಣೆಯ ದಿನ ನಾನೂ ರಜೆ ಹಾಕಿ ಹೋದೆ. ಗಿಣಿಗೆ ಬೆಳಿಗ್ಗೆಯೇ ಇನ್ನೊಂದು ಸ್ನಾನವಾಗಿತ್ತು. ಇನ್ಸ್‌ಪೆಕ್ಟರು ಸುತ್ತ ನೋಡಿ, "ಈ ತಗಡು ಬಿಚ್ಚಿಸಿ" ಎಂದರು.

"ಬೇಡಿ ಸರ್. ಮೇಸ್ತ್ರಿ ಕೂರಿಸಿದ್ದು. ಬಿಚ್ಚಿದ್ರೆ ಮತ್ತೆ ಹಾಗೆ ಕೂರಲ್ಲ." ಅತ್ತೆ ಎರಡೂ ಕೈಯನ್ನು ತಗಡಿನ ಮೇಲೆ ಊರಿ ನಿಂತಳು. ಮಾವ ಬಂದು ಆ ಕೈಗಳನ್ನು ಮೆಲ್ಲಗೆ ಬಿಡಿಸಿದರು.

ಅಂಗಿ ಕಳಚಿತು. ಒಳಗಿನ ಹೊದಿಕೆ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಅದರಡಿಯ ಕಬ್ಬಿಣ ಈರುಳ್ಳಿ ಸಿಪ್ಪೆಯ ಹಾಗೆ ಪದರಪದರವಾಗಿ ಎದ್ದಿತ್ತು. ಇನ್ಸ್‌ಪೆಕ್ಟರು ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಬಂದರು. ಮೇಲ್ಗಡೆ ಗಂಟೆಯಂತೆ ದನಿ ಬಂತು. ಕೆಳಹೊಟ್ಟೆಯ ಹತ್ತಿರ ಬಂದಾಗ ದನಿಯೇ ಇಲ್ಲ, ಸುತ್ತಿಗೆಯ ಮೂತಿ ಒಳಗೆ ಹೋಯಿತು.

ಅತ್ತೆ ಆ ತೂತಿನ ಹತ್ತಿರ ಬಗ್ಗಿದಳು. "ಒಳಗಿನ ನೀರು ತಿಂತಾ ಸರ್?"

ಅವರು ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. "ಒಳಗೆ ಚೆನ್ನಾಗಿಟ್ಟಿದೀರಮ್ಮ. ಇದು ಹೊರಗಿಂದ ತಿಂದಿರೋದು. ತಗಡಿನ ಸಂದಿಯಿಂದ ನೀರು ಇಳಿದಿದೆ. ಯಾರಾದ್ರೂ ಪೈಪಲ್ಲಿ ತೊಳೀತಿದ್ರಾ?"

ಮಾವ ಮುಂದೆ ಬಂದು, "ನಾನೇ ಸರ್. ಸಂಜೆ ಸುಮ್ನೆ ಕೂರೋದ್ಯಾಕೆ ಅಂತ ತೊಳೀತಿದ್ದೆ" ಎಂದರು. ಜನ್ಮದಲ್ಲಿ ಪೈಪು ಮುಟ್ಟಿದವರಲ್ಲ. ಅವರ ಮೇಲೆ ಆವತ್ತು ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ ಹೇಳಲಾರೆ.

"ಅವರಿಗೆ ನಲ್ಲಿ ಎಲ್ಲಿದೆ ಅಂತಾನೂ ಗೊತ್ತಿಲ್ಲ ಸರ್. ತೊಳೆದೋಳು ನಾನು" ಎಂದಳು ಅತ್ತೆ.

ಹೊಸ ಬಾಯ್ಲರ್ ಮಾಡಿಸುವ ಮಾತನ್ನು ಮ್ಯಾನೇಜರ್ ಕಿವಿಗೇ ಹಾಕಿಕೊಳ್ಳಲಿಲ್ಲ. ಗುಜರಿಗೆ ಕಳಿಸದೆ ಗಿಣಿಯನ್ನು ಗೇಟಿನ ಹತ್ತಿರ ನಿಲ್ಲಿಸಿದ್ದೇ ದೊಡ್ಡ ಉಪಕಾರವೆಂಬಂತೆ, "ಜನ ಫೋಟೋ ತೆಗೀತಾರೆ. ನೀವು ದಿನಾ ತೊಳ್ದು ಹೊಳೀತಾ ಇಟ್ರೆ ಸಾಕು" ಎಂದರು. ತಿಳಿಯದೆ ಆಡಿದ ಮಾತು. ಆದರೂ ಅವರ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ನನಗೆ.

ಅತ್ತೆ ಒಣಬಟ್ಟೆಯನ್ನಷ್ಟೇ ಹಿಡಿದಳು. ಮಾವ ಅಂಗಡಿಗೆ ಬೇಗ ಬಾಗಿಲು ಹಾಕಿ ದಿನವೂ ಅವಳ ಜೊತೆ ಹೋಗತೊಡಗಿದರು. ಒಂದು ಸಂಜೆ ನಾನೂ ಹೋದೆ. ಮಾಲಿ ಗೇಟಿನ ಬಳಿಯ ಹುಲ್ಲಿಗೆ ನೀರು ಬಿಡುತ್ತಿದ್ದ, ಗಾಳಿಗೆ ಹನಿಗಳು ಗಿಣಿಯ ಕಡೆ ಹಾರುತ್ತಿದ್ದವು. ಅತ್ತೆ ಹೋಗಿ ನಡುವೆ ನಿಂತಳು. ಬೆನ್ನು ಪೂರ್ತಿ ತೊಯ್ದುಹೋಯಿತು.

"ಪಕ್ಕಕ್ಕೆ ಬನ್ನಿ ಅಮ್ಮ, ನೆನೀತಿದೀರಿ" ಎಂದ ಮಾಲಿ.

"ಹಾಕಪ್ಪ, ನನ್ಮೇಲೇ ಹಾಕು."

ಮಾವ ಹೋಗಿ ನಲ್ಲಿ ನಿಲ್ಲಿಸಿದರು. ಅದು ಎಲ್ಲಿದೆಯೆಂದು ಅಷ್ಟು ಹೊತ್ತಿಗೆ ಅವರಿಗೂ ಗೊತ್ತಾಗಿತ್ತು.